ಹಿಮದೂರಿನಲ್ಲಿ ಮೂರನೆಯ ಕರೆ

ಇಳಿದ ಊರು

ಸಾಮಾನು ಬರುವುದನ್ನು ಕಾಯುತ್ತ ನಿಂತಿದ್ದೆ. ಬೆನ್ನ ಹಿಂದಿನಿಂದ ಯಾರೋ 'ರಟ್ನೀ' ಎಂದು ಕರೆದರು.

ಅಮೆರಿಕದ ಬಡಗಣ ಅಂಚು ಅದು. ನಮ್ಮ ಮದ್ದೂರು ರೈಲ್ವೆ ಸ್ಟೇಷನ್ನಿಗಿಂತ ಒಂದಿಷ್ಟು ದೊಡ್ಡದಾದ ವಿಮಾನ ನಿಲ್ದಾಣ. ಮಧ್ಯಾಹ್ನದ ಊಟದ ಹೊತ್ತು ಕಳೆದು ಇನ್ನೂ ಹೆಚ್ಚು ಸಮಯವಾಗಿರಲಿಲ್ಲ, ಆಗಲೇ ಹೊರಗೆ ಮುಸ್ಸಂಜೆ. ಪಕ್ಕದಲ್ಲಿ ನನ್ನ ಚಿಗವ್ವ ಸಾಕಮ್ಮ, ಅಂದರೆ ಅವ್ವನ ತಂಗಿ, ತನ್ನ ಬ್ಯಾಗಿಗೆ ಏನಾಗಿದೆಯೋ ಎಂದು ಗೊಣಗುತ್ತಿದ್ದಳು. ಆಗಬಾರದ್ದೇ ಆಗಿತ್ತು. ಬೇಡವೆಂದರೂ ಹೊತ್ತು ತಂದ ಹುರಿಹಿಟ್ಟಿನ ಕವರು ದಾರಿಯಲ್ಲಿ ಒಡೆದು, ಬ್ಯಾಗು ಬಂದಾಗ ಅದರ ಜೊತೆ ಇನ್ನೂ ಮೂರ್ನಾಲ್ಕು ಜನರ ಪೆಟ್ಟಿಗೆಗಳಿಗೆ ವಿಭೂತಿ ಬಳಿದಂತಾಗಿತ್ತು.

'ರಟ್ನೀ' ಎಂದು ಇನ್ನೊಮ್ಮೆ ಕೇಳಿಸಿತು. ನಾನು ತಿರುಗಲಿಲ್ಲ. ಚಿಗವ್ವನೂ ತಿರುಗಲಿಲ್ಲ, ನನ್ನ ಸೆರಗು ಮಾತ್ರ ಹಿಡಿದುಕೊಂಡಳು.

ನಮ್ಮ ಕಡೆ ಸಂಜೆಯ ಮೇಲೆ ಹೊರಗಿನಿಂದ ಹೆಸರು ಹಿಡಿದು ಕರೆದರೆ ಕೂಡಲೇ ಓಗೊಡುವುದಿಲ್ಲ. ಒಂದು ಸಲಕ್ಕೂ ಇಲ್ಲ, ಎರಡು ಸಲಕ್ಕೂ ಇಲ್ಲ. ಮೂರನೇ ಸಲ ಕರೆದರೆ ಮಾತ್ರ 'ಓ' ಅನ್ನುವುದು. ಗಾಳಿ, ಪೀಡೆ, ತೀರಿಕೊಂಡವರು ಎರಡು ಸಲಕ್ಕಿಂತ ಹೆಚ್ಚು ಕರೆಯಲಾರರಂತೆ. ಗೊತ್ತಿಲ್ಲದೆ ಓಗೊಟ್ಟರೆ ಕರೆದವರ ಹಿಂದೆ ಹೋಗಿಬಿಡುತ್ತೇವಂತೆ. ಇದನ್ನು ಯಾರು ಪರೀಕ್ಷೆ ಮಾಡಿ ನೋಡಿದರೋ ನನಗೆ ತಿಳಿಯದು. ಮಳವಳ್ಳಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು ನಾನು. ಹಗಲು ಮಕ್ಕಳಿಗೆ ದೆವ್ವ ಇಲ್ಲ ಎಂದು ಪಾಠ ಮಾಡಿ, ಸಂಜೆ ಹಾಲಿನವನು ಮೂರು ಸಲ ಕೂಗದೆ ಬಾಗಿಲು ತೆಗೆಯದವಳು.

ಆದರೆ ಆ ದಿನ ತಿರುಗದೇ ಇದ್ದದ್ದು ಬರೀ ರೂಢಿಯಿಂದಲ್ಲ. ನನ್ನ ಪಾಸ್‌ಪೋರ್ಟಿನಲ್ಲಿ, ಶಾಲೆಯಲ್ಲಿ, ಗಂಡನ ಬಾಯಲ್ಲಿ ಎಲ್ಲ ಕಡೆ ನಾನು ರತ್ನಮ್ಮ. 'ರತ್ನೀ' ಎಂದು ಮೊದಲು ತಗ್ಗಿಸಿ, ಆಮೇಲೆ ಎತ್ತರಿಸಿ, ಕೊನೆಯಲ್ಲಿ ಎಳೆದು ಕರೆಯುತ್ತಿದ್ದವಳು ಒಬ್ಬಳೇ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ತೀರಿಕೊಂಡ ನನ್ನ ಅವ್ವ.

ಬಂದ ಕಾರಣ

ಇಷ್ಟು ದೂರ ಬಂದದ್ದೂ ಅವಳಿಗಾಗಿಯೇ. ಕಬ್ಬಿನ ಹಾಲು ಗಟ್ಟಿಯಾಗಿ ಬೆಲ್ಲವಾಗುವುದನ್ನು ಮಕ್ಕಳಿಗೆ ತೋರಿಸೋಣವೆಂದು ಒಂದು ದಿನ ಫೋನಿನಲ್ಲಿ ವಿಡಿಯೊ ಹುಡುಕುತ್ತಿದ್ದೆ. ಆಲೆಮನೆಗಳ ನಡುವೆಯೇ ಹುಟ್ಟಿ ಬೆಳೆದವಳಿಗೆ ಸಿಕ್ಕಿದ್ದು ಅಮೆರಿಕದ ವಿಡಿಯೊ. ಸರ್ಕಾರದ್ದೂ ಅಲ್ಲದ, ಜಾಹೀರಾತೂ ಇಲ್ಲದ, ನೋಡುವವರೇ ಚಂದಾ ಹಾಕಿ ನಡೆಸುವ ಟೀವಿ ಅಲ್ಲಿ ಊರೂರಲ್ಲಿದೆ. ಅಂಥ ಒಂದು ಕೇಂದ್ರದ ಹಳೆಯ ಮಕ್ಕಳ ವಿಜ್ಞಾನ ಕಾರ್ಯಕ್ರಮ ಅದು. ಕೊಪ್ಪರಿಗೆ, ನೊರೆ, ಹೊಗೆ, ಕೊನೆಗೆ ಅಚ್ಚಿನ ಮಣೆಗೆ ಬೆಲ್ಲ ಒತ್ತುವ ಎರಡು ಕೈಗಳು. ಎಡಗೈ ಮಣಿಕಟ್ಟಿನ ಹಚ್ಚೆಯ ಮೇಲೆ ಅಡ್ಡಕ್ಕೆ ಒಂದು ಸುಟ್ಟ ಗಾಯ.

ಹನಕೆರೆಯಿಂದ ಬಂದಿದ್ದ ಚಿಗವ್ವ ಅದನ್ನು ನೋಡಿ ಕೈಲಿದ್ದ ಕಾಫಿ ಲೋಟ ಕೆಳಗಿಟ್ಟಳು. 'ಅಕ್ಕನ್ ಕೈ ಕಣಮ್ಮಿ ಇದು' ಅಂದಳು.

ಹೊಳಲಿನ ಹತ್ತಿರದ ಆಲೆಮನೆಯೊಂದರಲ್ಲಿ ಅವ್ವ ಕೂಲಿಗೆ ಹೋಗುತ್ತಿದ್ದಳು. ಕೂಲಿಯವಳ ಫೋಟೊ ಆ ಕಾಲದಲ್ಲಿ ಯಾರು ತೆಗೆಯುತ್ತಾರೆ? ನಮ್ಮ ಮನೆಯ ಗೋಡೆಯಲ್ಲಿ ಬುದ್ಧನ ಪಟದ ಪಕ್ಕ ಒಂದು ಮೊಳೆ ಇದೆ. ಅವ್ವನ ಪಟ ಸಿಕ್ಕರೆ ಇರಲಿ ಎಂದು ಅಪ್ಪ ಹೊಡೆದದ್ದು, ಹಳೇ ಮನೆಯಲ್ಲೂ ಇತ್ತು, ಹೊಸ ಮನೆಗೂ ಬಂತು. ಇವತ್ತಿಗೂ ಖಾಲಿ. ಅವಳ ಮುಖ ನನಗೆ ನೆನಪಿಲ್ಲ. ದನಿಯೂ ಇಲ್ಲ, ಕರೆಯುತ್ತಿದ್ದ ಏರಿಳಿತ ಮಾತ್ರ ಉಳಿದಿದೆ. ಆ ಕೇಂದ್ರಕ್ಕೆ ಬರೆದೆ. ನಿಮ್ಮ ತಾಯಿಯದು ನಮ್ಮಲ್ಲಿ ಇನ್ನೂ ಒಂದಿದೆ, ಬನ್ನಿ, ಜನ ತಮ್ಮ ಬದುಕಿನ ಕಥೆ ಹೇಳುವ ನಮ್ಮ ಕಾರ್ಯಕ್ರಮದಲ್ಲಿ ಕೂತು ಮಾತಾಡಿ ಎಂದು ಉತ್ತರ ಬಂತು. ಮುಖವೋ ದನಿಯೋ, ಎರಡರಲ್ಲಿ ಒಂದು ಸಿಕ್ಕರೆ ಸಾಕು ಎಂದುಕೊಂಡು ಹೊರಟೆ. ಮೈಸೂರು ದಾಟದ ಚಿಗವ್ವ, 'ನಾನೂ ಬತ್ತೀನಿ, ಒಬ್ಳೇ ಓಗ್ಬ್ಯಾಡ' ಎಂದು ಕೂತಳು. ಅವಳು ಕೂತರೆ ಏಳಿಸುವವರಿಲ್ಲ.

ಹೆಲೆನ್ ಮನೆ

ನಿಲ್ದಾಣದಲ್ಲಿ ಕರೆದಾಕೆ ಹೆಲೆನ್. ಎಪ್ಪತ್ತರ ಆಸುಪಾಸು, ಟೀವಿ ಕೇಂದ್ರದಲ್ಲಿ ಸಂಬಳವಿಲ್ಲದೆ ಕೆಲಸ ಮಾಡುವಾಕೆ. ನಾವು ಇಳಿದುಕೊಳ್ಳಬೇಕಾದದ್ದು ಅವಳ ಮನೆಯಲ್ಲೇ. ನಾನು ಓಗೊಡದಿದ್ದಾಗ ಹತ್ತಿರ ಬಂದು ನನ್ನ ಮಣಿಕಟ್ಟು ಹಿಡಿದಳು. ಕೈಕುಲುಕಿದ ಹಾಗಿರಲಿಲ್ಲ, ಡಾಕ್ಟರು ನಾಡಿ ನೋಡಿದ ಹಾಗಿತ್ತು. ಬೆಚ್ಚಗಿದ್ದೀಯ ಎಂದಳು. ಈ ಚಳಿಯಲ್ಲಿ ಬೆಚ್ಚಗೆಲ್ಲಿ ಎಂದು ನಾನು ನಕ್ಕೆ. ಅವಳು ನಗಲಿಲ್ಲ.

ಕಾರಿನ ಹಿಂದಿನ ಸೀಟಿನಲ್ಲಿ ಚಿಗವ್ವ ನನ್ನ ಕಿವಿಯ ಹತ್ತಿರ ಬಗ್ಗಿದಳು. 'ನಿನ್ನ ಇಂಗೆ ಕರಿಯಾದ ಯಾರಮ್ಮಿ ಏಳ್ಕೊಟ್ರು ಇವ್ಳಿಗೆ?'

ನನಗೂ ಅದೇ ಯೋಚನೆ. ನಾನು ಬರೆದದ್ದೆಲ್ಲ ರತ್ನಮ್ಮ ಎಂಬ ಹೆಸರಿನಲ್ಲೇ. ಹೆಲೆನ್‌ಗೆ ಕೇಳಿದರೆ, ನಾಳೆ ಕೇಂದ್ರದಲ್ಲಿ ತಿಳಿಯುತ್ತದೆ, ನಾನು ಹೇಳುವುದಕ್ಕಿಂತ ನೀನೇ ಕೇಳುವುದು ಸರಿ ಅಂದಳು.

ಆ ಊರಿನವರು ಸಂಜೆ ಕಿಟಕಿಯ ಪರದೆ ಎಳೆಯುವುದಿಲ್ಲ. ರಸ್ತೆಯಿಂದಲೇ ಮನೆಯೊಳಗೆಲ್ಲ ಕಾಣುತ್ತದೆ. ಮನೆಮನೆಯಲ್ಲೂ ಅದೇ ಟೀವಿ, ಅದೇ ನೀಲಿ ಬೆಳಕು, ಒಂದೇ ಗಳಿಗೆಗೆ ಎಲ್ಲ ಕಿಟಕಿಗಳೂ ಬಣ್ಣ ಬದಲಿಸುತ್ತಿದ್ದವು. ಮನುಷ್ಯರು ಮಾತ್ರ ಕಾಣಲಿಲ್ಲ. ನಮ್ಮಲ್ಲಾದರೆ ಟೀವಿಗಿಂತ ಅದರ ಮುಂದೆ ಕೂತವರ ಗದ್ದಲವೇ ಮೊದಲು ಕೇಳುತ್ತದೆ.

ಹೆಲೆನ್ ಮನೆಯಲ್ಲೂ ಟೀವಿ ಓಡುತ್ತಲೇ ಇತ್ತು. ಅದರ ಮುಂದೆ ಒಂದು ಖಾಲಿ ಕುರ್ಚಿ. ಗಂಡ ತೀರಿಹೋದ ಮೇಲೂ ಅವನಿಗೆಂದು ಟೀವಿ ಹಾಕಿಟ್ಟೇ ಹೊರಗೆ ಹೋಗುತ್ತಾಳಂತೆ. ನಾನು ಇದನ್ನು ತಿಳಿಸಿದಾಗ ಚಿಗವ್ವನಿಗೆ ಏನೂ ಆಶ್ಚರ್ಯವಾಗಲಿಲ್ಲ. ನಾವು ಎಡೆ ಇಡುವುದಿಲ್ಲವೇ, ಇವರು ಟೀವಿ ಇಡುತ್ತಾರೆ ಎಂದು ಆ ಕುರ್ಚಿಯನ್ನು ಬಳಸಿಕೊಂಡು ಹೋಗಿ ನೆಲದ ಮೇಲೆ ಕೂತಳು.

ನಾವು ಸೂಪು ಕುಡಿಯುತ್ತಿದ್ದಾಗ ಆ ಕೈಗಳು ಬಂದವು. ನಾವು ಬಂದೆವೆಂದು ಹಳೆಯ ಕಂತನ್ನು ಮತ್ತೆ ಹಾಕಿದ್ದರಂತೆ. ಫೋನಿನಲ್ಲಿ ಬೆರಳುದ್ದ ಇದ್ದ ಕೈಗಳು ಇಲ್ಲಿ ನಮ್ಮ ಕೈಗಳಷ್ಟೇ ದೊಡ್ಡವು. ಮೊಣಕೈಯಿಂದಾಚೆಗೆ ಚಿತ್ರವೇ ಇಲ್ಲ. ಹುಡುಗಿಯೊಬ್ಬಳ ಲವಲವಿಕೆಯ ದನಿ ಸಕ್ಕರೆಯ ಹರಳು ಹೇಗೆ ಕಟ್ಟುತ್ತದೆ ಎಂದು ಹೇಳುತ್ತಿತ್ತು. ಒಡೆಯಳಿಲ್ಲದ ಕೈಗಳು ಒತ್ತುತ್ತಿದ್ದವು, ತಟ್ಟುತ್ತಿದ್ದವು, ಮಣೆ ಮಗುಚುತ್ತಿದ್ದವು. ಚಿಗವ್ವ ಎದ್ದು ಹೋಗಿ ಗಾಜಿನ ಮೇಲೆ ತನ್ನ ಅಂಗೈ ಇಟ್ಟಳು. ಕೈ ತೆಗೆದ ಮೇಲೆ ಗಾಜಿನ ಮೇಲೆ ಹುರಿಹಿಟ್ಟಿನ ಐದು ಬೆರಳು ಮೂಡಿದ್ದವು. ಹೆಲೆನ್ ಅದನ್ನು ಒರೆಸಲಿಲ್ಲ.

ಸರೋವರದ ದಂಡೆ

ಮಾರನೆಯ ದಿನ ಊರು ನೋಡಲು ಹೊರಟೆವು. ಸೀರೆಯ ಮೇಲೆ ಹೆಲೆನ್ ಗಂಡನ ಕೋಟು ಹಾಕಿಕೊಂಡ ಚಿಗವ್ವ, ಬಸರಾಳಿನ ದೇವಸ್ಥಾನ ನೋಡಲು ಬಂದ ಫಾರಿನ್ನವರನ್ನು ನಾವು ನೋಡುತ್ತಿದ್ದೆವಲ್ಲ, ಈಗ ಇವರ ಸರದಿ ಅಂದಳು. ಜನ ನೋಡುತ್ತಿದ್ದದ್ದೇನೋ ನಿಜ. ಆದರೆ ಚಿಗವ್ವನ ವೇಷವನ್ನಲ್ಲ, ನನ್ನನ್ನು. ಬ್ರೆಡ್ಡಿನ ಅಂಗಡಿಯಲ್ಲಿ ಮಾತು ಗಕ್ಕನೆ ನಿಂತಿತು. ಕೌಂಟರಿನ ಹೆಂಗಸು ಚಿಲ್ಲರೆ ಕೊಡುವ ನೆಪದಲ್ಲಿ ನನ್ನ ಬೆರಳು ಮುಟ್ಟಿ ನೋಡಿದಳು. ಮುದುಕರೊಬ್ಬರು ಟೋಪಿ ತೆಗೆದು ಎದೆಗೆ ಒತ್ತಿಕೊಂಡರು. ಸಾವಿನ ಮನೆಯ ಮುಂದೆ ಹಾದುಹೋಗುವಾಗ ನಮ್ಮವರು ಟವೆಲ್ಲು ತೆಗೆಯುವುದಿಲ್ಲವೇ, ಹಾಗೆ.

ಸರೋವರ ಅಂದರು, ನನಗೆ ಕಂಡದ್ದು ಸಮುದ್ರ. ದಂಡೆಯಿಂದ ಕಣ್ಣು ಹಾಯುವಷ್ಟು ದೂರ ಹೆಪ್ಪುಗಟ್ಟಿತ್ತು. ಮಕ್ಕಳು ಅದರ ಮೇಲೆ ಜಾರಾಡುತ್ತಿದ್ದರು. ಮಧ್ಯಾಹ್ನವೇ ಬೆಳಕು ಕುಗ್ಗತೊಡಗಿತ್ತು. ಆಗ ಮಂಜುಗಡ್ಡೆಯ ಅಡಿಯಿಂದ ಒಂದು ದನಿ ಎದ್ದಿತು. ತಗ್ಗಿನಲ್ಲಿ ಶುರುವಾಗಿ ಏರಿ, ಎಳೆದು, ಎಲ್ಲೋ ದೂರದಲ್ಲಿ ಮುಗಿಯಿತು. ಚಳಿ ಏರಿದಂತೆ ಗಡ್ಡೆ ಬಿಗಿದು ಬಿರುಕು ಬಿಡುತ್ತದೆ, ಆ ಅದುರು ಗಡ್ಡೆಯೊಳಗೆ ಓಡುವಾಗ ಹೀಗೆ ಕೇಳುತ್ತದೆ. ಚಿಗವ್ವನಿಗೆ ಇದನ್ನು ವಿವರಿಸಿದೆ. ಕ್ಲಾಸಿನಲ್ಲಿ ಹೇಳುವಷ್ಟೇ ಚೆನ್ನಾಗಿ ಹೇಳಿದೆ. ನನ್ನ ಕೈಯ ರೋಮ ನಿಂತಿದ್ದವು.

ವಿವರಣೆ ಮುಗಿಯುವ ಮೊದಲೇ ಜಾರಾಡುತ್ತಿದ್ದ ಹುಡುಗಿಯೊಬ್ಬಳು ಆ ದನಿಗೆ ಉತ್ತರ ಕೊಡುವಂತೆ, ಕೈಗಳನ್ನು ಬಾಯಿಯ ಸುತ್ತ ಹಿಡಿದು 'ರಟ್ನೀ' ಎಂದು ಕೂಗಿದಳು. ಇನ್ನೊಬ್ಬಳು ಆಚೆಯಿಂದ ಎರಡನೇ ಸಲ ಕೂಗಿದಳು. ಆಮೇಲೆ ಎಲ್ಲ ಮಕ್ಕಳೂ ಇದ್ದಲ್ಲೇ ಕಂಬದಂತೆ ನಿಂತರು, ಕದಲಿದವರು ಆಟದಿಂದ ಹೊರಗೆ. ಇಡೀ ಭೂಗೋಳದ ಈ ತುದಿಯಲ್ಲಿ, ಕನ್ನಡದ ಒಂದಕ್ಷರ ಬಾರದ ಮಕ್ಕಳ ಬಾಯಲ್ಲಿ ನನ್ನ ಅವ್ವನ ಕರೆ. ಚಿಗವ್ವ ನನ್ನ ತೋಳು ಹಿಡಿದು ಮನೆಗೆ ಎಳೆದುಕೊಂಡು ಬಂದಳು.

ಟೀವಿ ಕೇಂದ್ರ

ಕೇಂದ್ರವೆಂದರೆ ಒಂದಂತಸ್ತಿನ ಇಟ್ಟಿಗೆ ಕಟ್ಟಡ, ನಮ್ಮ ತಾಲ್ಲೂಕು ಕಚೇರಿಯಷ್ಟೂ ಇಲ್ಲ. ಅದೇ ಸಂಜೆ ನಮ್ಮನ್ನು ಅಲ್ಲಿಯ ಒಂದು ಚಿಕ್ಕ ಕೋಣೆಯಲ್ಲಿ ಕೂರಿಸಿ ಹೆಲೆನ್ ಹೇಳಿದಳು. ಬೆಲ್ಲದ ಕಂತಿಗಾಗಿ ಇಲ್ಲಿಂದ ಹೋಗಿದ್ದವರಲ್ಲಿ ಧ್ವನಿ ಹಿಡಿಯುವವನು ವಾಲ್ಟರ್ ಎಂಬಾತ. ಒಂದು ಸಂಜೆ ಆಲೆಮನೆಯ ಸದ್ದು ಹಿಡಿಯುತ್ತಿದ್ದಾಗ ಹೆಂಗಸೊಬ್ಬಳ ಕೂಗು ಅವನ ಟೇಪಿಗೆ ಬಿತ್ತು. ಅದು ಬೆಲ್ಲದ ಕಂತಿಗೆ ಬೇಕಾಗಲಿಲ್ಲ. ಆಮೇಲೆ ಊರಿನ ಸಂಗೀತಗಾರರೊಬ್ಬರು ಆ ಕೂಗಿಗೆ ಸರೋವರದ ದನಿ ಸೇರಿಸಿ ಒಂದು ರಚನೆ ಮಾಡಿದರು. ಪ್ರತಿ ಚಳಿಗಾಲ ಕಲೆಯ ಕಾರ್ಯಕ್ರಮದಲ್ಲಿ ಅದು ಬರುತ್ತದೆ, ಶಾಲೆಯ ಮಕ್ಕಳು ಹಾಡುತ್ತಾರೆ.

ದೀಪ ಸಣ್ಣದು ಮಾಡಿ ಅದನ್ನು ಹಾಕಿದರು.

ಮೊದಲು ಗಡ್ಡೆಯ ದನಿ. ಅದರೊಳಗಿಂದ ಇನ್ನೊಂದು ದನಿ ಬಿಡಿಸಿಕೊಂಡು ಬಂತು. 'ರತ್ನೀ.' ಕೊಂಚ ಒಡಕು ದನಿ, ಹೊಗೆ ಕುಡಿದ ಗಂಟಲು. ಇದ್ದುದನ್ನು ಇದ್ದ ಹಾಗೆ ಹೇಳುತ್ತೇನೆ, ನನಗೆ ಆ ದನಿಯ ಗುರುತು ಹತ್ತಲಿಲ್ಲ. ಯಾರೋ ಹೆಂಗಸು ಅನ್ನಿಸಿತು. ಆದರೆ ನನ್ನ ಗಂಟಲಿಗೆ ಗುರುತಿತ್ತು. ಅಲ್ಲಿ ಒಂದು 'ಓ' ಎದ್ದು ಬಂದು ನಿಂತಿತು. 'ರತ್ನೀ' ಎಂದು ಎರಡನೇ ಸಲ, ಇನ್ನಷ್ಟು ಎಳೆದು. ಆಮೇಲೆ ಮೌನ. ಉದ್ದಕ್ಕೂ ಮೌನ. ಕೋಣೆಯಲ್ಲಿದ್ದವರೆಲ್ಲ ತಲೆ ತಗ್ಗಿಸಿದ್ದರು. ಮೂರನೆಯದಕ್ಕೆ ಕಾದೆ. ದೀಪ ಹಾಕಿದರು.

ನಿನ್ನ ಪತ್ರದಲ್ಲಿ ರತ್ನಮ್ಮ ಎಂಬ ಹೆಸರು ನೋಡುವವರೆಗೆ, ಆ ಮಗು ಸಿಗಲೇ ಇಲ್ಲ ಎಂದುಕೊಂಡಿದ್ದೆವು ಎಂದಳು ಹೆಲೆನ್. ತಾಯಿ ಕರೆಯುತ್ತಾಳೆ, ಮಗು ಓಗೊಡುವುದಿಲ್ಲ. ಕೊಪ್ಪರಿಗೆಯ ಬೆಂಕಿಗೋ ಹೊಗೆಯ ಕತ್ತಲಿಗೋ ಮಗು ಹೋಯಿತು, ಇದು ಅದರ ನೆನಪಿನ ಸಂಗೀತ ಎಂದೇ ಇಲ್ಲಿ ಎಲ್ಲರೂ ತಿಳಿದದ್ದು. ನೀನು ಬರುತ್ತೀಯೆಂದು ಟೀವಿಯಲ್ಲಿ ಹೇಳಿದಾಗ ಊರಿನವರು ನಂಬಲಿಲ್ಲ.

ನಾಡಿ ಹಿಡಿದದ್ದು ಏಕೆ, ಬೆರಳು ಮುಟ್ಟಿದ್ದು ಏಕೆ, ಟೋಪಿ ತೆಗೆದದ್ದು ಏಕೆ ಎಂದು ಆಗ ತಿಳಿಯಿತು. ಅವ್ವನ ನೆರಳು ಹುಡುಕಿಕೊಂಡು ನಾನು ಬಂದಿದ್ದರೆ, ಇವರ ಪಾಲಿಗೆ ದೆವ್ವ ನಾನೇ ಆಗಿದ್ದೆ.

ಕಾರ್ಯಕ್ರಮ ನಾಳೆ ಸಂಜೆ. ಈ ಟೇಪು ಹಾಕುತ್ತೇವೆ, ಆ ಮೌನಕ್ಕೆ ನೀನು ಓಗೊಟ್ಟುಬಿಡು, ಅಷ್ಟು ಸಾಕು ಎಂದು ಕೇಳಿಕೊಂಡರು. ನನಗೂ ಬೇರೇನೂ ಬೇಕಿರಲಿಲ್ಲ. ಇದನ್ನು ಚಿಗವ್ವನಿಗೆ ಹೇಳಿದೆ. ಅವಳು ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

'ಎರಡೇ ಸಲ ಕರ್ದವ್ಳೆ ಕಣಮ್ಮಿ. ಸತ್ತೋಳು ಎರಡ್ ಸಲ ಕರ್ದ್ರೆ ಓಗೊಡಾದುಂಟಾ? ನನ್ನಾಣೆ, ಬಾಯ್ ಬುಡ್ಬ್ಯಾಡ.'

ಟೇಪು ಹಿಡಿದಾಗ ಅವ್ವ ಬದುಕಿದ್ದಳಲ್ಲ ಎಂದೆ. 'ಈಗ?' ಎಂದಳು.

ವಾಲ್ಟರ್

ಮಾರನೆಯ ಬೆಳಿಗ್ಗೆ ವಾಲ್ಟರ್ ಮನೆಗೆ ಹೋದೆವು. ತುಂಬ ಮುದುಕ, ಕಿವಿಗೆ ಮಿಷನ್ನು. ಒಂದು ಕಾಲಕ್ಕೆ ಸೂಜಿ ಬಿದ್ದ ಸದ್ದು ಹಿಡಿಯುತ್ತಿದ್ದವನಂತೆ. ಬಾಗಿಲಲ್ಲೇ ನನ್ನ ಮುಖವನ್ನು ಬಹಳ ಹೊತ್ತು ನೋಡಿದ.

ಆ ಸಂಜೆ ನೀನು ಎಲ್ಲಿದ್ದೆ ಎಂಬುದೊಂದೇ ಅವನ ಪ್ರಶ್ನೆ.

ಕಬ್ಬಿನ ಸಿಪ್ಪೆಯ ರಾಶಿಯ ಹಿಂದೆ ಎಂದೆ. ಅವ್ವ ಕೆಲಸ ಮುಗಿಸಿ ಮನೆಗೆ ಹೊರಡುವಾಗ ಹೀಗೆ ಕರೆಯುತ್ತಿದ್ದಳು. ಮೂರನೆಯದು ಬರುವವರೆಗೆ ಬಾಯಿ ಬಿಡಬೇಡ, ಎರಡಕ್ಕೇ ನಿಂತರೆ ಅದು ನಾನಲ್ಲ ಎಂದು ಅವಳೇ ಕಲಿಸಿದ್ದು. ಮೂರನೇ ಸಲ ಕರೆಯದ ದಿನವೇ ಇಲ್ಲ, ಅವತ್ತೂ ಕರೆದಳು. ನಾನು 'ಓ' ಎಂದೆ. ಕಿವಿ ಹಿಂಡಿ ಮನೆಗೆ ಕರೆದುಕೊಂಡು ಹೋದಳು.

ವಾಲ್ಟರ್ ಇದನ್ನು ಇನ್ನೊಮ್ಮೆ ಹೇಳಿಸಿಕೊಂಡ. ಎರಡನೆಯ ಕರೆಗೆ ಅವನ ಟೇಪು ಮುಗಿದಿತ್ತಂತೆ, ಆಮೇಲಿನ ಮೌನ ಸಂಗೀತಗಾರರು ಸೇರಿಸಿದ್ದು. ಹೊಸದು ಹಾಕುವಷ್ಟರಲ್ಲಿ ಜೀಪು ಹೊರಟಿತು, ಅವಸರಪಡಿಸಿ ಹತ್ತಿಸಿಕೊಂಡರು, ಅದರ ಸದ್ದಿನಲ್ಲಿ ಮುಂದೇನೂ ಕೇಳಿಸಲಿಲ್ಲ. ಊರಿಗೆ ಬಂದು ಟೇಪು ಕೇಳಿದಾಗ ಅವನಿಗೆ ಹೆದರಿಕೆ ಹತ್ತಿತು. ಮಗು ಏನಾಯಿತೋ, ಒಂದು ಗಳಿಗೆ ನಿಂತು ನೋಡದೆ ಬಂದೆನಲ್ಲ ಎಂದು. ಬದುಕಿನ ಕಥೆಗಳ ಕಾರ್ಯಕ್ರಮದಲ್ಲಿ ಅವನು ಹೇಳಿಕೊಂಡದ್ದೂ ಅದನ್ನೇ. ಊರಿಗೆಲ್ಲ ಮಗು ಹೋಯಿತೆಂಬ ನಂಬಿಕೆ ಹಬ್ಬಿದ್ದು ಹಾಗೆ. ಮದುವೆಯಾದರೂ ಅವನು ಮಕ್ಕಳು ಬೇಡವೆಂದನಂತೆ.

ಹೇಳಿ ಮುಗಿಸಿ ಕಿವಿಯ ಮಿಷನ್ನು ತೆಗೆದು ಮೇಜಿನ ಮೇಲಿಟ್ಟು ಕಣ್ಣು ಮುಚ್ಚಿ ಕೂತ. ಹೊರಡುವಾಗ, 'ನೀನು ಮನೆಗೆ ಹೋದೆ, ಸಂತೋಷ. ಆದರೆ ನನ್ನ ಟೇಪಿನಲ್ಲಿ ಅವಳು ಇನ್ನೂ ಅಲ್ಲೇ ನಿಂತಿದ್ದಾಳೆ' ಎಂದ.

ನನಗೆ ತಡೆಯಲಾಗಲಿಲ್ಲ. ಕಾರಿನಲ್ಲಿ ಅತ್ತೆ. ನಿಜ, ನಾನು ಬೆಳೆದೆ, ಓದಿದೆ, ಟೀಚರಾದೆ. ಅಷ್ಟೂ ಕಾಲ ಅವ್ವ ಈ ಪರದೇಶದ ಚಳಿಯಲ್ಲಿ ಎರಡು ಸಲ ಕರೆದು ಕಾಯುತ್ತ ನಿಂತಿದ್ದಳು. ವಾಲ್ಟರ್ ಹೇಳಿದ್ದನ್ನು ಚಿಗವ್ವನಿಗೆ ಕನ್ನಡದಲ್ಲಿ ಹೇಳಿದೆ. ಅವಳು ಕಿಟಕಿಯ ಕಡೆ ತಿರುಗಿಕೊಂಡಳು.

ಸ್ಟುಡಿಯೋ

ಸಂಜೆ ಸ್ಟುಡಿಯೋ ತುಂಬಿತ್ತು. ಬ್ರೆಡ್ಡಿನಂಗಡಿಯ ಹೆಂಗಸು, ಟೋಪಿಯ ಮುದುಕರು, ಜಾರಾಡುವ ಮಕ್ಕಳು. ಮುಂದಿನ ಸಾಲಿನಲ್ಲಿ ವಾಲ್ಟರ್, ಅವನ ಪಕ್ಕ ಉಣ್ಣೆಯ ಟೋಪಿ ಹಾಕಿಕೊಂಡು ಚಿಗವ್ವ. ನಾನು ಆಲೆಮನೆಯ ಕಥೆ ಹೇಳಿದೆ. ಮೂರು ಕರೆಯ ಪದ್ಧತಿ ಹೇಳಿದಾಗ ಒಬ್ಬರಾದರೂ ನಗುತ್ತಾರೆಂದುಕೊಂಡಿದ್ದೆ, ಯಾರೂ ನಗಲಿಲ್ಲ. ಆಮೇಲೆ ದೀಪ ಸಣ್ಣದಾಯಿತು.

'ರತ್ನೀ.'

ಮಕ್ಕಳು ಇದ್ದಲ್ಲೇ ಕಂಬವಾದರು.

'ರತ್ನೀ.'

ಮೌನ. ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ನಾನು ಬಾಯಿ ತೆರೆದೆ. ಚಿಗವ್ವನ ಆಣೆ ನೆನಪಾದದ್ದಲ್ಲ, ದೆವ್ವದ ಹೆದರಿಕೆಯೂ ಅಲ್ಲ. ಅವ್ವನೇ ಕಲಿಸಿದ್ದನ್ನು ಅವ್ವನ ಮುಂದೆಯೇ ಮೀರಲು ಗಂಟಲು ಒಪ್ಪಲಿಲ್ಲ. ಮೌನ ಬೆಳೆಯಿತು. ಅದು ಮುಗಿದು ದೀಪ ಬಂದರೆ ಅವ್ವ ಮತ್ತೆ ಅಲ್ಲೇ ಉಳಿಯುತ್ತಾಳೆ ಎಂದು ಗೊತ್ತಿತ್ತು. ಆದರೂ ಆಗಲಿಲ್ಲ.

ಆಗ ಕತ್ತಲಿನಿಂದ ಬಂತು.

'ಲೇ ರತ್ನೀ.'

ಮೂರನೇ ಸಲಕ್ಕೆ ಅವ್ವ 'ಲೇ' ಸೇರಿಸುತ್ತಿದ್ದಳು. ನಾನೇ ಮರೆತಿದ್ದೆ, ಯಾರಿಗೂ ಹೇಳಿರಲಿಲ್ಲ. ಏರುವುದಿಲ್ಲ, ಕೊನೆಯಲ್ಲಿ ತಗ್ಗುತ್ತದೆ, ಇನ್ನು ಬಾರದಿದ್ದರೆ ನೋಡು ಎನ್ನುವ ಹಾಗೆ. ಅದೇ ಒಡಕು, ಅದೇ ಹೊಗೆ ಕುಡಿದ ಗಂಟಲು. ವಾಲ್ಟರ್ ಬೆಚ್ಚಿ ಪಕ್ಕಕ್ಕೆ ತಿರುಗಿದ. ಮುಂದಿನ ಸಾಲಿನಲ್ಲಿ ಚಿಗವ್ವ ಎದ್ದು ನಿಂತಿದ್ದಳು.

'ಓ,' ಎಂದೆ. 'ಬಂದೆ ಕಣವ್ವ.'

ಮರಳಿ ಮಳವಳ್ಳಿ

ಹಿಂದಿರುಗುವ ದಿನ ಕಾರು ಸರೋವರದ ದಂಡೆಯಲ್ಲೇ ಹೋಯಿತು. ಗಡ್ಡೆ ಎರಡು ಸಲ ದನಿ ಮಾಡಿತು. ಚಿಗವ್ವ ಕಿಟಕಿ ಇಳಿಸಿ ಕೇಳಿದಳು. ಆಣೆ ಹಾಕಿದವಳೇ ಹೀಗೆ ಮಾಡಿದೆಯಲ್ಲ ಎಂದು ಕೇಳಿದೆ. 'ಎಷ್ಟ್ ದಿನಾಂತ ನಿಂತಿರ್ತಾಳೆ, ನಮ್ಮಕ್ಕ ಅಲ್ವಾ' ಎಂದಷ್ಟೇ ಹೇಳಿ ಕಿಟಕಿ ಏರಿಸಿದಳು.

ಮೊಳೆಯಲ್ಲಿ ಈಗ ಒಂದು ಪಟ ಇದೆ. ಹೆಲೆನ್ ಆ ಕೈಗಳ ಚಿತ್ರವನ್ನು ದೊಡ್ಡದು ಮಾಡಿಸಿ, ಕಟ್ಟು ಹಾಕಿಸಿ ಕೊಟ್ಟಳು. ಕೈಗೆ ಹೂವು ಮುಡಿಸುವುದು ಹೇಗೆ ಎಂದು ಚಿಗವ್ವ ತಕರಾರು ತೆಗೆದಳು. ಆಮೇಲೆ ತಾನೇ ಒಂದು ಮೊಳ ಕನಕಾಂಬರ ತಂದು ಬೆರಳಿನ ಹತ್ತಿರ ಸಿಕ್ಕಿಸಿದಳು.

ಕಾರ್ಯಕ್ರಮ ಫೋನಿಗೆ ಬಂತು. ಎರಡು ಕರೆಗಳಿವೆ, ಮೌನವಿದೆ, ನನ್ನ 'ಓ' ಇದೆ. ಮೂರನೆಯದು ತೀರ ದೂರದಲ್ಲಿ, ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣಗೆ. ಮೈಕು ಇದ್ದದ್ದು ನನ್ನ ಹತ್ತಿರ ಮಾತ್ರ, ಅದಕ್ಕೇ ಹಾಗೆ. ವಾಲ್ಟರ್ ಆಗಿದ್ದರೆ ಹಿಡಿಯುತ್ತಿದ್ದನೇನೋ.

ಮೊನ್ನೆ ಸಂಜೆ ತಡೆಯಲಾರದೆ ಚಿಗವ್ವನನ್ನು ಕೇಳಿಯೇಬಿಟ್ಟೆ, ಅವತ್ತಿನಂತೆ ಇನ್ನೊಂದು ಸಲ ಕರೆ ಎಂದು. ಅವಳು ಇಲ್ಲವೆನ್ನಲಿಲ್ಲ. ಗೇಟಿನಾಚೆ ಹೋಗಿ ನಿಂತಳು, ನಾನು ಒಳಗೆ ಬಾಗಿಲು ಹಾಕಿಕೊಂಡೆ. ಒಂದು ಸಲ ಕರೆದಳು, ಎರಡು ಸಲ ಕರೆದಳು, 'ಲೇ' ಸೇರಿಸಿ ಮೂರನೇ ಸಲವೂ ಕರೆದಳು. ಮೂರೂ ಚಿಗವ್ವನ ದನಿ. ದಪ್ಪ, ಗಟ್ಟಿ, ಹನಕೆರೆಯ ಸ್ಟೇಷನ್ನಿನವರೆಗೆ ಕೇಳುವ ದನಿ. ಅವ್ವನದು ಎಲ್ಲೂ ಇರಲಿಲ್ಲ.

'ಬರಾಕಿಲ್ಲ ಕಣಮ್ಮಿ,' ಎಂದಳು ಹೊರಗಿನಿಂದಲೇ. 'ಅವತ್ತು ಅದೆಂಗ್ ಬಂತೋ ಕಾಣೆ.'

ಬಾಗಿಲ ಹಿಂದಿನಿಂದ ಅವಳ ಮೂರನೆಯ ಕರೆಗೆ 'ಓ' ಎಂದು ಓಗೊಟ್ಟು, ಚಿಲಕ ತೆಗೆದೆ.